ಗಿಡಕ್ಕೆ ಗೊಬ್ಬರಕ್ಕಿಂತ ಮೊದಲು ಸುದ್ದಿ ಮುಟ್ಟಬೇಕು

ಲಾಲ್‌ಬಾಗ್‌ನಲ್ಲಿ ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ. ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು. ಎರಡು ಸಲವೂ ನಮ್ಮಂಥವರು ಹೋಗ್ತೀವಿ, ಬರುವಾಗ ಕೈಯಲ್ಲೊಂದು ಕುಂಡ ಇರುತ್ತೆ. ಮನೆಗೆ ಬಂದ ಗಿಡ ಒಂದು ತಿಂಗಳು ಚೆಂದ. ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೂ ಆಗುತ್ತೆ. ಆಮೇಲೆ ಹೂ ಬಾಡುತ್ತೆ. ಎಲೆ ಮಾತ್ರ ಹಸಿರು ಹಸಿರಾಗಿ ಹಾಗೇ ಇರುತ್ತೆ, ಹೂವಿನ ಸುಳಿವೇ ಇಲ್ಲ. ನಿಧಾನಕ್ಕೆ ಟೀವಿ ಪಕ್ಕದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ವಾಷಿಂಗ್ ಮಷೀನ್ ಹಿಂದಕ್ಕೆ, ಅಲ್ಲಿಂದ ಒಂದು ದಿನ ಕಸದ ಬುಟ್ಟಿ ಪಕ್ಕಕ್ಕೆ ಅದರ ವರ್ಗಾವಣೆ ಆಗುತ್ತೆ.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಬರುತ್ತೆ: 'ಗಿಡ ಚೆನ್ನಾಗಿದೆ, ಹೂವೇ ಬಿಡ್ತಿಲ್ಲ. ಯಾವ ಗೊಬ್ಬರ ಹಾಕಲಿ?' ಹತ್ತು ನಿಮಿಷದಲ್ಲಿ ಹದಿನೈದು ಉತ್ತರ. ಮೊಟ್ಟೆ ಸಿಪ್ಪೆ, ಈರುಳ್ಳಿ ಸಿಪ್ಪೆ ನೆನೆಸಿದ ನೀರು, ಬಾಳೆಹಣ್ಣಿನ ಸಿಪ್ಪೆ, ಟೀ ಚರಟ. ಗಿಡ ಎಲ್ಲಿಟ್ಟಿದ್ದೀರಿ ಅಂತ ಮಾತ್ರ ಯಾರೂ ಕೇಳಲ್ಲ.

ಎಲೆ ಹಸಿರಾಗಿ ದಪ್ಪಗೆ ಬೆಳೀತಿದೆ ಅಂದ್ರೆ ಆ ಗಿಡಕ್ಕೆ ಊಟದ ಕೊರತೆ ಅಷ್ಟಾಗಿ ಇಲ್ಲ ಅಂತ ಅರ್ಥ. ಅದಕ್ಕೆ ಕೊರತೆ ಇರೋದು ಸುದ್ದಿಯದ್ದು. ಚಳಿಗಾಲ ಬಂತು, ರಾತ್ರಿ ಉದ್ದ ಆಯ್ತು, ಮಳೆ ಶುರುವಾಯ್ತು ಎನ್ನುವ ಸುದ್ದಿ. ಹೂಬಿಡೋದು ಗಿಡಕ್ಕೆ ದೊಡ್ಡ ಖರ್ಚಿನ ಕೆಲಸ, ಮದುವೆ ಇದ್ದ ಹಾಗೆ. ಕಾಲ ಕೂಡಿ ಬಂತು ಅಂತ ಖಾತ್ರಿ ಆಗದೆ ಅದು ಕೈಹಾಕಲ್ಲ. ನಮ್ಮ ಫ್ಲ್ಯಾಟುಗಳಲ್ಲಿ ಹನ್ನೆರಡು ತಿಂಗಳೂ ಒಂದೇ ಶಾಖ, ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟು. ಇಂಥ ಕಡೆ ಯಾವ ಸುದ್ದಿ ತಾನೇ ಮುಟ್ಟುತ್ತೆ ಹೇಳಿ?

ಅಂಗಡಿಯಲ್ಲಿ ಹೇಗೆ ಹೂಬಿಟ್ಟಿತ್ತು?

ಕೊಂಡಾಗ ಮೈತುಂಬ ಹೂವಿತ್ತಲ್ಲ, ಅದು ಹೇಗೆ ಅನ್ನೋದು ಸಹಜ ಪ್ರಶ್ನೆ. ಸಾಫ್ಟ್‌ವೇರಿನವರಿಗೆ ಈ ಕಥೆ ಚೆನ್ನಾಗಿ ಗೊತ್ತು. ಬರೆದವನ ಲ್ಯಾಪ್‌ಟಾಪಿನಲ್ಲಿ ಕೋಡ್ ಸರಾಗವಾಗಿ ಓಡುತ್ತೆ, ಕಸ್ಟಮರ್ ಹತ್ತಿರ ಹೋದ ತಕ್ಷಣ ಕೂತುಬಿಡುತ್ತೆ. ಕೋಡ್ ಅದೇ, ಸುತ್ತಲಿನ ವಾತಾವರಣ ಬೇರೆ.

ದೊಡ್ಡ ನರ್ಸರಿಗಳಲ್ಲಿ ಗಿಡಕ್ಕೆ ಬೇಕಾದ ಸುದ್ದಿಯನ್ನು ಅವರೇ ತಯಾರು ಮಾಡಿ ಕೊಡ್ತಾರೆ. ಪೀಸ್ ಲಿಲಿಗೆ ಜಿಬ್ಬರೆಲಿಕ್ ಆಮ್ಲ ಎನ್ನುವ ಹಾರ್ಮೋನ್ ಸಿಂಪಡಿಸಿದರೆ ಸುಮಾರು ಮೂರು ತಿಂಗಳಲ್ಲಿ ಒಟ್ಟಿಗೆ ಹೂ ಬರುತ್ತೆ. ಕಲಾಂಚೋ ಗಿಡಗಳ ಮೇಲೆ ಸಂಜೆಯಾಗುತ್ತಲೇ ಕಪ್ಪು ಬಟ್ಟೆ ಎಳೆದು ರಾತ್ರಿಯನ್ನು ಉದ್ದ ಮಾಡ್ತಾರೆ. ಆರ್ಕಿಡ್‌ಗಳನ್ನು ಕೆಲವು ವಾರ ತಂಪು ಮನೆಯಲ್ಲಿ ಇಡ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ. ಆದರೆ ನಾವು ಹೂವನ್ನು ಮಾತ್ರ ಕೊಂಡು ತಂದಿರ್ತೀವಿ, ಆ ತಂಪು ಮನೆ, ಆ ಕಪ್ಪು ಬಟ್ಟೆ ಅಲ್ಲೇ ಉಳಿದಿರುತ್ತೆ.

ಒಳ್ಳೆಯ ಸಂಗತಿ ಏನಂದ್ರೆ, ಆ ಸುದ್ದಿಯನ್ನು ಮನೆಯಲ್ಲೂ ಕೊಡಬಹುದು. ಹೆಚ್ಚಿನದಕ್ಕೆ ದುಡ್ಡು ಬೇಕಿಲ್ಲ. ಯಾವ ಗಿಡ ಯಾವ ಸುದ್ದಿಗೆ ಕಾಯುತ್ತೆ ಅಂತ ತಿಳಿದಿದ್ದರೆ ಸಾಕು.

ಕಲಾಂಚೋ: ಕತ್ತಲೆಯ ಲೆಕ್ಕ

ಕಲಾಂಚೋ ಕಾಯೋದು ಉದ್ದನೆಯ ರಾತ್ರಿಗೆ. ಗಿಡಗಳು ಹಗಲು ರಾತ್ರಿಯ ಅಳತೆ ನೋಡಿ ಹೂಬಿಡುತ್ತವೆ ಅಂತ ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್, 1920ರಲ್ಲಿ. ಬೇಸಿಗೆಯಲ್ಲಿ ಆಳೆತ್ತರ ಬೆಳೆದರೂ ಹೂಬಿಡದ ಒಂದು ಜಾತಿಯ ಹೊಗೆಸೊಪ್ಪು ಅವರ ತಲೆ ಕೆಡಿಸಿತ್ತು. ಮಧ್ಯಾಹ್ನವೇ ಅದನ್ನು ಕತ್ತಲೆ ಕೋಣೆಗೆ ಸೇರಿಸಿ ಹಗಲನ್ನು ಗಿಡ್ಡ ಮಾಡಿದಾಗ ಅದು ಹೂಬಿಟ್ಟಿತು. ಇಂಥ ಗಿಡಗಳು ನಿಜವಾಗಿ ಅಳೆಯೋದು ಹಗಲನ್ನಲ್ಲ, ರಾತ್ರಿಯನ್ನು ಅಂತ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ತೋರಿಸಿದರು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಗಿಡದ ಲೆಕ್ಕ ತಪ್ಪಿಹೋಗುತ್ತೆ.

ಇದು ನಮ್ಮ ರೈತರಿಗೆ ಹೊಸದಲ್ಲ. ಬೆಂಗಳೂರಿನ ಸುತ್ತಮುತ್ತ ರಾತ್ರಿ ಪ್ರಯಾಣ ಮಾಡುವಾಗ ಹೊಲದ ತುಂಬ ಬಲ್ಬು ಉರಿಯೋದನ್ನು ಕಂಡಿದ್ದೀರಾ? ಬಹಳ ಸಲ ಅದು ಸೇವಂತಿಗೆ ಹೊಲ. ಸೇವಂತಿಗೆಯೂ ಉದ್ದ ರಾತ್ರಿಗೆ ಕಾಯುವ ಗಿಡ. ದಂಟು ಬಲಿಯುವ ಮೊದಲೇ ಮೊಗ್ಗು ಹಿಡಿಯದಿರಲಿ ಅಂತ ರಾತ್ರಿಯನ್ನು ಬೆಳಕಿನಿಂದ ಮುರಿಯುತ್ತಾರೆ. ಸಾಕು ಅನಿಸಿದಾಗ ದೀಪ ಆರಿಸ್ತಾರೆ, ಹೂ ಬರುತ್ತೆ.

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಹಾಗಾಗಿ ರಾತ್ರಿ ಕತ್ತಲೆ ಇರುವ ಬಾಲ್ಕನಿಯಲ್ಲಿ ಕಲಾಂಚೋ ಚಳಿಗಾಲದಲ್ಲಿ ತಾನಾಗಿಯೇ ಹೂಬಿಡುತ್ತೆ. ಎರಡನೇ ಸಲಕ್ಕೆ ನಾವು ರಾತ್ರಿ ತಯಾರಿಸಬೇಕು.

ಹೀಗೆ ಮಾಡಿ: ಚಳಿಗಾಲದ ಹೂ ಮುಗಿದ ಮೇಲೆ ಒಣಗಿದ ಗೊಂಚಲುಗಳನ್ನು ಒಂದೆರಡು ಜೊತೆ ಎಲೆ ಸೇರಿಸಿ ಕತ್ತರಿಸಿ. ಎರಡು ಮೂರು ತಿಂಗಳು ಒಳ್ಳೆಯ ಬೆಳಕಿನಲ್ಲಿ ಹೊಸ ಚಿಗುರು ಬೆಳೆಯಲಿ. ಜುಲೈ ಮಧ್ಯದಿಂದ ಆರು ವಾರ, ಸಂಜೆ ಆರಕ್ಕೆ ಒಂದು ರಟ್ಟಿನ ಡಬ್ಬಿ ಮುಚ್ಚಿ, ಬೆಳಿಗ್ಗೆ ಎಂಟಕ್ಕೆ ತೆಗೀರಿ. ಹದಿನಾಲ್ಕು ಗಂಟೆ ಕತ್ತಲೆ. ಆನ್‌ಲೈನ್ ಆರ್ಡರಿನ ಡಬ್ಬಿಗಳು ಮನೆಯಲ್ಲಿ ಬೇಕಾದಷ್ಟು ಬಿದ್ದಿರುತ್ತವೆ, ಸಂದಿಯಿಂದ ಬೆಳಕು ನುಗ್ಗದ ಹಾಗೆ ಟೇಪ್ ಹಚ್ಚಿದರೆ ಆಯ್ತು. ಹಗಲು ಹೊತ್ತು ಮಾತ್ರ ಚೆನ್ನಾಗಿ ಬೆಳಕು ಬೀಳಲೇಬೇಕು. ನಡುವೆ ಒಂದು ದಿನ ಮರೆತರೆ ಕೊನೆಗೆ ಆ ದಿನ ಸೇರಿಸಿ. ಮೊಗ್ಗು ಕಂಡ ಮೇಲೆ ಡಬ್ಬಿ ಬೇಕಿಲ್ಲ. ದಸರಾ ದೀಪಾವಳಿ ಹೊತ್ತಿಗೆ ಹೂ ನೋಡಬಹುದು.

ಒಂದು ಎಚ್ಚರಿಕೆ: ಕಲಾಂಚೋ ಬೆಕ್ಕು ನಾಯಿಗಳಿಗೆ ವಿಷ. ಮನೆಯಲ್ಲಿ ಸಾಕಿದ್ದರೆ ಎಟುಕದ ಕಡೆ ಇಡಿ.

ಆರ್ಕಿಡ್: ಚಳಿಯ ರಾತ್ರಿ

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಚಿಟ್ಟೆಯಂಥ ಅಗಲ ಹೂವಿನ ಆರ್ಕಿಡ್ ಹೆಸರು ಫಲನಾಪ್ಸಿಸ್. ಗೃಹಪ್ರವೇಶಕ್ಕೆ, ಪ್ರಮೋಷನ್ನಿಗೆ ಇದನ್ನೇ ಕೊಡೋದು ಈಗ ರೂಢಿ. ಹೂ ಎರಡು ಮೂರು ತಿಂಗಳು ಇರುತ್ತೆ. ಉದುರಿದ ಮೇಲೆ ಬಹಳ ಜನ ಗಿಡ ಸತ್ತಿತು ಅಂದ್ಕೊಳ್ತಾರೆ.

ಹೂ ಉದುರಿದ ಮೇಲೆ ದಂಟು ಇನ್ನೂ ಹಸಿರಾಗಿದೆಯಾ ನೋಡಿ. ಹಸಿರಿದ್ದು, ಗಿಡಕ್ಕೆ ನಾಲ್ಕಾದರೂ ಗಟ್ಟಿ ಎಲೆ ಇದ್ದರೆ, ಬುಡದಿಂದ ಎರಡನೇ ಅಥವಾ ಮೂರನೇ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಎಷ್ಟೋ ಸಲ ಆ ಗಿಣ್ಣಿನಿಂದಲೇ ಕವಲೊಡೆದು ಎರಡು ಮೂರು ತಿಂಗಳಲ್ಲಿ ಇನ್ನೊಂದು ಕಂತು ಹೂ ಬರುತ್ತೆ. ದಂಟು ಒಣಗಿದ್ದರೆ ಅಥವಾ ಎಲೆ ಸೊರಗಿದ್ದರೆ ಬುಡಕ್ಕೇ ಕತ್ತರಿಸಿ, ಗಿಡ ಸುಧಾರಿಸಿಕೊಳ್ಳಲಿ.

ಹೊಸ ದಂಟು ಬರೋಕೆ ಬೇಕಾದ ಸುದ್ದಿ ತಂಪು. ಕೆಲವು ವಾರ ರಾತ್ರಿ 16ರಿಂದ 18 ಡಿಗ್ರಿ ಆಸುಪಾಸು ಇದ್ದರೆ ಎಲೆಯ ಬುಡದಿಂದ ದಂಟು ಹೊರಡುತ್ತೆ. ಬೆಂಗಳೂರು, ಮೈಸೂರು, ಹಾಸನ ಕಡೆ ನವೆಂಬರಿನಿಂದ ಜನವರಿವರೆಗೆ ಬಾಲ್ಕನಿಯಲ್ಲಿ ಇದು ಪುಕ್ಕಟೆ ಸಿಗುತ್ತೆ. ಬಿಸಿಲು ನೇರ ಬೀಳದ, ಬೆಳಕಿರುವ ಜಾಗದಲ್ಲಿ ಗಿಡವನ್ನು ಹೊರಗಿಡಿ, ಅಷ್ಟೇ. ಕರಾವಳಿಯವರಿಗೆ ಇದು ಸ್ವಲ್ಪ ಕಷ್ಟ. ರಾತ್ರಿ ಎಸಿ ಹಾಕುವ ಕೋಣೆಯಿದ್ದರೆ ಗಾಳಿ ನೇರ ಬಡಿಯದ ಮೂಲೆಯಲ್ಲಿಟ್ಟು ನೋಡಬಹುದು.

ಆಂಥೂರಿಯಂ, ಪೀಸ್ ಲಿಲಿ, ಆಫ್ರಿಕನ್ ವಯಲೆಟ್: ಬೆಳಕು

ಈ ಮೂವರಿಗೆ ಋತುವಿನ ಹಂಗು ಕಮ್ಮಿ. ಬೆಳಕು ಸಾಕಾದರೆ ವರ್ಷದಲ್ಲಿ ಹಲವು ಸಲ ಹೂಬಿಡುತ್ತವೆ. ಆಂಥೂರಿಯಂ ಬಗ್ಗೆ ಒಂದು ಸರಳ ಲೆಕ್ಕ ನೆನಪಿಡಿ: ಬಲಿತ ಗಿಡದಲ್ಲಿ ಪ್ರತಿ ಹೊಸ ಎಲೆಯ ಜೊತೆ ಒಂದು ಹೂ. ಎಲೆ ಬೇಗ ಬೇಗ ಬಂದಷ್ಟೂ ಹೂ ಜಾಸ್ತಿ. ಹೊಸ ಎಲೆ ಬರ್ತಿದೆ, ಹೂ ಮಾತ್ರ ಇಲ್ಲ ಅಂದ್ರೆ ಸಾಮಾನ್ಯವಾಗಿ ಬೆಳಕು ಸಾಲದು ಅಂತಲೇ ಅರ್ಥ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬೋ ಹಾಗಿಲ್ಲ. ಮಧ್ಯಾಹ್ನದ ಬಯಲಿನಲ್ಲಿ ಒಂದು ಲಕ್ಷ ಲಕ್ಸ್ ಹತ್ತಿರ ಬೆಳಕಿರುತ್ತೆ. ಹಾಲ್‌ನಲ್ಲಿ ಸೋಫಾ ಪಕ್ಕ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಕಣ್ಣು ಎರಡಕ್ಕೂ ಹೊಂದಿಕೊಂಡು 'ಚೆನ್ನಾಗಿ ಬೆಳಕಿದೆ' ಅನ್ನುತ್ತೆ. ನಿಮ್ಮ ಫೋನಿಗೆ ಒಂದು ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಅದರ ಅಳತೆ ಪಕ್ಕಾ ಇರಲ್ಲ, ಆದರೆ ಎರಡು ಜಾಗ ಹೋಲಿಸಲು ಧಾರಾಳ ಸಾಕು. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ಅಂಕಿ ಹೇಗೆ ಕುಸಿಯುತ್ತೆ ಅಂತ ನೀವೇ ನೋಡ್ತೀರಿ. ಸಾವಿರದ ಒಳಗಿದ್ದರೆ ಎಲೆ ಬದುಕುತ್ತೆ, ಹೂವಿನ ಆಸೆ ಕಮ್ಮಿ. ಕುಂಡವನ್ನು ಕಿಟಕಿಗೆ ತಂದರೆ ಅರ್ಧ ಕೆಲಸ ಆದಂತೆ. ಕಿಟಕಿಯೇ ಇಲ್ಲದ ಆಫೀಸ್ ಟೇಬಲ್ ಆದರೆ ಬಿಳಿ ಎಲ್‌ಇಡಿ ದೀಪವನ್ನು ಒಂದಡಿ ಮೇಲಿಟ್ಟು ದಿನಕ್ಕೆ ಹನ್ನೆರಡು ಗಂಟೆ ಕೊಡಿ. ಆಫ್ರಿಕನ್ ವಯಲೆಟ್ ಇದರಲ್ಲೇ ಖುಷಿಯಾಗಿರುತ್ತೆ. ಅದನ್ನು ಚಿಕ್ಕ ಕುಂಡದಲ್ಲೇ ಬಿಡಿ, ಬೇರು ಸ್ವಲ್ಪ ಇಕ್ಕಟ್ಟಾಗಿದ್ದಾಗಲೇ ಅದಕ್ಕೆ ಹೂಬಿಡುವ ಹುರುಪು.

ಬೆಳಕು ಸರಿಯಾದ ಮೇಲೆ ಗೊಬ್ಬರದ ಮಾತು. ಹದಿನೈದು ದಿನಕ್ಕೊಮ್ಮೆ, ಡಬ್ಬಿಯ ಮೇಲೆ ಬರೆದದ್ದರ ಅರ್ಧದಷ್ಟು ತೆಳು ಮಾಡಿ ಹಾಕಿ. ಸಾರಜನಕ ಜಾಸ್ತಿಯಾದರೆ ಎಲೆ ಉಬ್ಬುತ್ತೆ, ಹೂ ಹಿಂದೆ ಸರಿಯುತ್ತೆ.

ಬ್ರಹ್ಮಕಮಲ: ಮಳೆಯ ಸುದ್ದಿ

ನಮ್ಮಲ್ಲಿ ಬ್ರಹ್ಮಕಮಲ ಅಂತ ಕರೆಯೋ ಗಿಡ ಹುಟ್ಟಾ ನಮ್ಮದಲ್ಲ. ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆಯ ಒಂದು ಕಳ್ಳಿ ಜಾತಿ. ಹಿಮಾಲಯದಲ್ಲಿ ಬೆಳೆಯುವ ಬ್ರಹ್ಮಕಮಲ ಬೇರೆಯೇ. ಆದರೆ ಮಲೆನಾಡಿನಲ್ಲಿ ಈ ಗಿಡವಿಲ್ಲದ ಜಗಲಿ ಕಡಿಮೆ. ನಾವು ಎಲೆ ಅನ್ನೋದು ಅದರ ಚಪ್ಪಟೆ ಕಾಂಡ, ಅದರ ಅಂಚಿನ ಕಚ್ಚಿನಿಂದಲೇ ಮೊಗ್ಗು ಇಳಿಯುತ್ತೆ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುತ್ತೆ. ವರ್ಷಕ್ಕೊಂದೇ ರಾತ್ರಿ ಅರಳುತ್ತೆ ಅಂತ ಜನ ಹೇಳ್ತಾರೆ, ಅದು ನಿಜವಲ್ಲ. ಬಲಿತ ಗಿಡ ಮಳೆಗಾಲದಲ್ಲಿ ಮೂರು ನಾಲ್ಕು ಕಂತು ಹೂಬಿಡಬಲ್ಲದು.

ಅಪ್ಪ ಹೋದ ಮೇಲೆ ಅಮ್ಮ ತೀರ್ಥಹಳ್ಳಿ ಕಡೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬೆಂಗಳೂರಿಗೆ ಬಂದರು. ತಂದದ್ದು ಎರಡು ಸೂಟ್‌ಕೇಸು, ಒಂದು ಒರಳು, ಒಂದು ಬ್ರಹ್ಮಕಮಲದ ಕುಂಡ. ಕುಂಡಕ್ಕೆ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿದ್ದರು. ನಮ್ಮದು ಏಳನೇ ಮಹಡಿ, ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿ, ಗಾಜು ಮುಚ್ಚಿದ್ದು. ಊರಿನಲ್ಲಿ ಮಳೆಗಾಲ ಪೂರ್ತಿ ಅರಳುತ್ತಿದ್ದ ಗಿಡ ಇಲ್ಲಿ ಎರಡು ವರ್ಷದಲ್ಲಿ ಬಿಟ್ಟದ್ದು ಎರಡೇ ಹೂ.

ಅಮ್ಮನ ಮಾತೂ ಕಡಿಮೆಯಾಗ್ತಾ ಬಂತು. 'ಇಲ್ಲಿ ಮಳೆ ಬಂದಿದ್ದೇ ಗೊತ್ತಾಗಲ್ಲ ಕಣೋ. ಯಾವ ತಿಂಗಳು ಅಂತಾನೂ ಗೊತ್ತಾಗಲ್ಲ. ನನ್ನನ್ನು ಊರಿಗೆ ಬಿಟ್ಟು ಬಾ' ಅಂತ ವಾರಕ್ಕೊಮ್ಮೆ ಅನ್ನುತ್ತಿದ್ದರು. ಅಲ್ಲಿ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರನ್ನೇ ಹೇಗೆ ಬಿಡೋದು? ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ 'ನೋಡೋಣ ಅಮ್ಮ' ಅನ್ನುತ್ತಿದ್ದೆ.

ಮೂರನೇ ವರ್ಷ ಡಿಸೆಂಬರಿನಲ್ಲಿ ಅಮ್ಮನೇ ಒಂದು ತೀರ್ಮಾನ ಮಾಡಿದರು. ಗಿಡವನ್ನು ಟೆರೇಸಿನಲ್ಲಿ ಇಡಬೇಕು. ಟೆರೇಸಿನಲ್ಲಿ ಕುಂಡ ಇಡುವ ಹಾಗಿಲ್ಲ ಅಂತ ನಮ್ಮಲ್ಲಿ ನಿಯಮ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೂ ಮಾತಾಡದ ಅಮ್ಮ ಒಂದು ಭಾನುವಾರ ಅಸೋಸಿಯೇಷನ್ ಮೀಟಿಂಗಿಗೆ ಹೋಗಿ ಕೂತರು. ಪಾರ್ಕಿಂಗ್, ಡೀಸೆಲ್ ಖರ್ಚು ಎಲ್ಲ ಮುಗಿದ ಮೇಲೆ ಎದ್ದು ನಿಂತು, 'ಒಂದೇ ಒಂದು ಕುಂಡ. ಅಡಿಗೆ ತಟ್ಟೆ ಇಡ್ತೀನಿ, ನೀರು ಸೋರಲ್ಲ' ಅಂದರಂತೆ. ಒಪ್ಪಿಗೆ ಸಿಕ್ಕಿತು.

ಟ್ಯಾಂಕಿನ ಪೂರ್ವದ ಬದಿಗೆ ಕುಂಡ ಹೋಯಿತು. ಬೆಳಿಗ್ಗೆ ಎರಡು ಮೂರು ಗಂಟೆ ಎಳೆ ಬಿಸಿಲು, ಆಮೇಲೆ ಟ್ಯಾಂಕಿನ ನೆರಳು. ಚಳಿಗಾಲ ಪೂರ್ತಿ ನೀರು ಕಡಿಮೆ, ಮಣ್ಣು ಪೂರಾ ಒಣಗಿದ ಮೇಲೆ ಸ್ವಲ್ಪವೇ. ಕುಂಡ ಬದಲಾಯಿಸಲೂ ಇಲ್ಲ, ಬೇರು ಇಕ್ಕಟ್ಟಾಗಿಯೇ ಇತ್ತು. ಮಾರ್ಚ್ ಕೊನೆಗೆ ಒಂದು ಹಿಡಿ ಎರೆಗೊಬ್ಬರ, ಮೊದಲ ಮಳೆ ಬಿದ್ದ ಮೇಲೆ ಇನ್ನೊಂದು ಹಿಡಿ. 'ಹೊಟ್ಟೆ ತುಂಬಿದ ಗಿಡ ನಿದ್ದೆ ಮಾಡುತ್ತೆ, ಚೂರು ಹಸಿವಿರಲಿ' ಅನ್ನೋದು ಅಮ್ಮನ ಮಾತು.

ಜೂನ್ ಕೊನೆಯಲ್ಲಿ ಐದು ಹೂ. ಆಗಸ್ಟಿನಲ್ಲಿ ಹನ್ನೊಂದು. ಸೆಪ್ಟೆಂಬರಿನಲ್ಲಿ ಮತ್ತೆ ನಾಲ್ಕು. ಆಗಸ್ಟಿನ ಆ ರಾತ್ರಿ ಅಮ್ಮ ನಾಲ್ಕು ಮನೆಯ ಬೆಲ್ ಒತ್ತಿ ಬಂದಿದ್ದರು. ಹತ್ತೂವರೆಗೆ ಟೆರೇಸಿನಲ್ಲಿ ಇಪ್ಪತ್ತು ಜನ, ನೈಟಿ ಮೇಲೆ ಶಾಲು ಹೊದ್ದವರು, ಆಫೀಸ್ ಕಾಲ್ ಮ್ಯೂಟ್ ಮಾಡಿ ಬಂದವರು, ಮಗುವನ್ನು ಹೆಗಲಿಗೆ ಹಾಕಿಕೊಂಡವರು. ಅಲ್ಲಿಂದ ಎಲೆ ಕೇಳಿಕೊಂಡು ಮನೆಗೆ ಬರುವವರು ಶುರುವಾದರು. ಈಗ ದಿನಾ ಬೆಳಿಗ್ಗೆ ಅಮ್ಮ ಟೆರೇಸಿಗೆ ಹೋಗ್ತಾರೆ. ಮೋಡ ಯಾವ ಕಡೆಯಿಂದ ಬಂತು ಅಂತ ಕೆಳಗೆ ಬಂದು ಹೇಳ್ತಾರೆ. ಊರಿನ ನೆನಪು ಹೋಗಿಲ್ಲ, ಹೋಗಲೂಬಾರದು. ಆದರೆ 'ಬಿಟ್ಟು ಬಾ' ಅನ್ನೋದು ಈಗ 'ಮಳೆ ಮುಗಿದ ಮೇಲೆ ಹೋಗಿ ಬರೋಣ' ಅಂತ ಆಗಿದೆ.

ಎಲ್ಲ ಗಿಡಕ್ಕೂ ಎರಡನೇ ಸಲ ಇಲ್ಲ

ಕೆಲವು ಗಿಡಗಳಿಂದ ಇದನ್ನು ಬಯಸಬಾರದು. ಗುಲಾಬಿ, ಕೆಂಪು ಬಣ್ಣದ ಗರಿಯಂಥ ಹೂವಿನ ಬ್ರೊಮೀಲಿಯಾಡ್ ಕೊಂಡಿದ್ದರೆ, ಹೂಬಿಟ್ಟ ತಾಯಿ ಗಿಡ ಮತ್ತೆ ಹೂಬಿಡಲ್ಲ. ಬಾಳೆಯ ಥರವೇ, ಪಕ್ಕದಲ್ಲಿ ಕಂದು ಬರುತ್ತೆ. ಕಂದು ಬೆಳೆದು ದೊಡ್ಡದಾದ ಮೇಲೆ ಅದರ ಸರದಿ. ಬಲಿತ ಕಂದನ್ನು ಕುಂಡ ಸಮೇತ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಜೊತೆಗೊಂದು ಕಳಿತ ಸೇಬು ಹಾಕಿ ಒಂದು ವಾರ ಕಟ್ಟಿಟ್ಟರೆ ಹೂವಿಗೆ ಪ್ರಚೋದನೆ ಸಿಗುತ್ತೆ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲವೇ ಅದಕ್ಕೆ ಸುದ್ದಿ. ಬಿಸಿಲಿನಲ್ಲಿ ಮಾತ್ರ ಇಡಬೇಡಿ, ಬೆಂದುಹೋಗುತ್ತೆ. ಅನಾನಸ್ ಇದೇ ಕುಟುಂಬದ ಗಿಡ. ಅನಾನಸ್ ಬೆಳೆಗಾರರು ಎಥಿಲೀನ್ ಹೊರಬಿಡುವ ಔಷಧಿ ಹಾಕಿ ಇಡೀ ತೋಟ ಒಟ್ಟಿಗೆ ಹೂಬಿಡುವ ಹಾಗೆ ಮಾಡೋದೂ ಇದೇ ಗುಟ್ಟಿನಿಂದ.

ಹೂಬಿಡುವ ಗಿಡಕ್ಕೂ ನಡುವೆ ವಿರಾಮ ಬೇಕು. ಎರಡು ಕಂತಿನ ನಡುವೆ ಹೊಸ ಎಲೆ ಬಂದಿದೆಯಾ, ಬೇರು ಗಟ್ಟಿಯಿದೆಯಾ ನೋಡಿ. ಎಲೆ ಸುಕ್ಕುಗಟ್ಟಿದ ಆರ್ಕಿಡ್‌ನಿಂದ, ಆಗಷ್ಟೇ ಕುಂಡ ಬದಲಾಯಿಸಿದ ಗಿಡದಿಂದ ಮತ್ತೆ ಹೂ ಕೇಳಬೇಡಿ. ಒಂದು ಋತು ಸುಮ್ಮನೆ ಬಿಟ್ಟರೆ ಮುಂದಿನ ಸಲ ಅದೇ ತೀರಿಸುತ್ತೆ.

ಈ ವಾರ ಇಷ್ಟು ಮಾಡಿ. ಮನೆಯಲ್ಲಿ ಹೂಬಿಡದೆ ನಿಂತ ಗಿಡದ ಹೆಸರು ಮೊದಲು ಪತ್ತೆ ಮಾಡಿ, ಫೋನಿನ ಕ್ಯಾಮೆರಾ ಸಾಕು. ಅದು ಕಾಯ್ತಿರೋದು ಕತ್ತಲೆಗಾ, ಚಳಿಗಾ, ಬೆಳಕಿಗಾ, ಮಳೆಗಾ ನೋಡಿ. ಆಮೇಲೆ ಗಿಡದ ಎತ್ತರಕ್ಕೆ ಬಗ್ಗಿ, ಅದು ಇರುವ ಜಾಗದಿಂದ ಆಕಾಶ ಕಾಣುತ್ತಾ ಅಂತ ಒಮ್ಮೆ ನೋಡಿ. ಕಾಣಲ್ಲ ಅಂದ್ರೆ ಕುಂಡ ಎತ್ತಿ, ಕಾಣುವ ಕಡೆ ಇಡಿ. ಗೊಬ್ಬರದ ಡಬ್ಬಿ ಆಮೇಲೆ ತೆಗೆದರಾಯ್ತು.